ಒಂದು ರಿಂಗ್ ಅಂದರೆ ಕ್ಷೇಮ

ಆಗಸ್ಟ್ 4, ರಾತ್ರಿ 2.40

ಒಂದು ರಿಂಗ್. ಎಚ್ಚರವಾಯಿತು. ಕಟ್ ಆಯಿತು. ಇವರು ಕ್ಷೇಮ.

ಹಡಗಿನಲ್ಲಿ ಅಡುಗೆಮನೆ ತೊಳೆದು ಮುಗಿಯುವ ಹೊತ್ತು ಇದು. ಹಳೇ ಸರಕು ಹಡಗು. ವೈಫೈ ದೊಡ್ಡ ಸಾಹೇಬರಿಗೆ ಮಾತ್ರ. ಕುಕ್‌ಗೆಲ್ಲ ಸ್ಯಾಟಲೈಟ್ ಫೋನು, ಗೀರಿ ನಂಬರ್ ಒತ್ತುವ ಪ್ರಿಪೇಯ್ಡ್ ಕಾರ್ಡು. ಕಾರ್ಡಿಗೆ ಇಪ್ಪತ್ತೇ ನಿಮಿಷ. ಎತ್ತಿದರೆ ತಾನೇ ನಿಮಿಷ ಕರಗುವುದು? ಹೊರಡುವ ಮುಂಚೆ ಇವರೇ ಮಾಡಿದ ಏರ್ಪಾಡು — ದಿನಾ ಒಂದು ರಿಂಗ್ ಕೊಟ್ಟು ಇಡುತ್ತೇನೆ, ಎತ್ತಬೇಡ, ಚೆನ್ನಾಗಿದ್ದೇನೆ ಅಂತ ತಿಳಿ. ಮಾತು ಭಾನುವಾರ ಸಂಜೆ, ಐದು ನಿಮಿಷ. ಅದರಲ್ಲಿ ಮೂರು ಚಿನ್ನುವಿಗೆ. ಏಳು ತಿಂಗಳ ಮಗಳು, ಅಪ್ಪನ ದನಿ ಕೇಳಿದರೆ ಫೋನ್ ನೆಕ್ಕುತ್ತಾಳೆ.

ಮತ್ತೆ ನಿದ್ದೆ ಬರಲಿಲ್ಲ.

ಆಗಸ್ಟ್ 8, ರಾತ್ರಿ 3.15

ಇವತ್ತು ರಿಂಗ್ ನಿಲ್ಲಲೇ ಇಲ್ಲ. ಎಂಟು... ಒಂಬತ್ತು. ಕೈ ಚಾಚಿದೆ. ಅತ್ತೆ ಎದ್ದು ಕೂತಿದ್ದರು.

"ಎತ್ಬೇಡ ಮಾರಾಯ್ತಿ. ಕಾರ್ಡು ಕರಗ್ತದೆ."

"ನಿಲ್ತಾನೇ ಇಲ್ವಲ್ಲ ಅತ್ತೆ."

"ಇಡ್ಲಿಕ್ಕೆ ಮರ್ತಿರ್ಬೇಕು. ಸಾರಿಗೆ ಉಪ್ಪು ಹಾಕಿದ್ದೇ ನೆನಪಿರುದಿಲ್ಲ ಅವನಿಗೆ, ಅವನನ್ನು ಕುಕ್ ಮಾಡಿದ್ದಾರೆ."

ಇಬ್ಬರೂ ನಕ್ಕೆವು. ಹದಿನಾಲ್ಕನೆಯದಕ್ಕೆ ನಿಂತಿತು. ಎಣಿಸಿದ್ದೆ.

ಆಗಸ್ಟ್ 8, ಮಧ್ಯಾಹ್ನ

ಕಂಪನಿಯ ಬೇಲಾಪುರ ಆಫೀಸಿನಿಂದ ಅಂಬರೀಶ ಅನ್ನುವವರ ಫೋನು. ನಮ್ಮ ಮೈಸೂರಿನ ಕಡೆಯ ಮಾತು.

"ಗಾಬರಿ ಆಗ್ಬೇಡಿ ಮೇಡಂ. ಬೆಳಿಗ್ಗೆ ಹಾಜರಿ ತಗೊಂಡಾಗ ಸುದರ್ಶನ್ ಇರ್ಲಿಲ್ಲ. ಸಮುದ್ರದಲ್ಲಿ ಹುಡುಕಿಸ್ತಾ ಇದೀವಿ. ಫೋನ್ ರೂಮಲ್ಲಿ ರಿಸೀವರ್ ನೇತಾಡ್ತಿತ್ತಂತೆ. ರಾತ್ರಿ ನಿಮಗೇನಾದ್ರೂ ಫೋನ್ ಮಾಡಿದ್ರಾ?"

ಮಾಡಿದ್ದರು ಅಂದೆ.

ಏನು ಹೇಳಿದ್ರು, ಅಂತ ಕೇಳಿದರು.

ಆಗಸ್ಟ್ 10

ರಾತ್ರಿ 2.40ಕ್ಕೆ ಒಂದು ರಿಂಗ್. ಅದೇ ಉದ್ದ ನಂಬರು. ಅತ್ತೆ ಅಳುತ್ತಲೇ ದೇವರಿಗೆ ದೀಪ ಹಚ್ಚಿದರು. ಬೆಳಗಾಗುವುದನ್ನೇ ಕಾದು ಅಂಬರೀಶರಿಗೆ ಹೇಳಿದೆ.

"ಸಾಧ್ಯ ಇಲ್ಲ ಮೇಡಂ. ಆ ರೂಮಿಗೆ ಎಂಟನೇ ತಾರೀಖೇ ಬೀಗ ಹಾಕಿದಾರೆ. ಯಾರೂ ಒಳಗೆ ಹೋಗಿಲ್ಲ."

ಇವರ ಕಾರ್ಡು ಸಿಕ್ಕಿತೇ ಅಂದೆ. ಸಿಕ್ಕಿಲ್ಲವಂತೆ.

ಆಗಸ್ಟ್ 13, ನಸುಕು

ದಿನಾ ಬರುತ್ತಿದೆ. ಎತ್ತುವಷ್ಟರಲ್ಲಿ ಕಟ್. ಇವತ್ತು ಬೆರಳನ್ನು ಪರದೆಯ ಹತ್ತಿರವೇ ಇಟ್ಟುಕೊಂಡು ಕೂತೆ. ಸಿಕ್ಕಿತು.

ನೀರಿನ ಸದ್ದು. ಎಂಜಿನ್ ಇಲ್ಲ, ಜನರಿಲ್ಲ, ಬರೀ ನೀರು. ಹಲೋ ಅಂದೆ. ನನ್ನದೇ ಹಲೋ ತಡವಾಗಿ ವಾಪಸು ಬಂತು. ಆಮೇಲೆ ಒಬ್ಬ ಹೆಂಗಸಿನ ದನಿ, ಇಂಗ್ಲಿಷಿನಲ್ಲಿ — ಒಂದು ನಿಮಿಷ ಉಳಿದಿದೆ. ಕಾರ್ಡಿನ ಆ ದನಿ ಕರೆ ಮಾಡಿದವರಿಗೆ ಮಾತ್ರ ಕೇಳಿಸುವಂಥದ್ದು. ಎಷ್ಟೋ ಭಾನುವಾರ ಇವರು "ಅವಳು ಬಂದ್ಲು, ಇಡ್ತೇನೆ" ಅಂದಿದ್ದಾರೆ. ನನಗೆ ಒಮ್ಮೆಯೂ ಕೇಳಿಸಿದ್ದಿಲ್ಲ.

ಇಟ್ಟುಬಿಟ್ಟೆ. ಹೆದರಿಕೆಗೆ ಅಂತ ಅಂದುಕೊಂಡೆ. ಅಲ್ಲ. ನಿಮಿಷ ಉಳಿಯಲಿ ಅಂತ ಇಟ್ಟೆ.

ಆಗಸ್ಟ್ 16, ಸಂಜೆ

ಮೂರು ರಾತ್ರಿಯಿಂದ ಏನೂ ಇಲ್ಲ.

ನಾಳೆ ಹನ್ನೊಂದಕ್ಕೆ ಬೇಲಾಪುರಕ್ಕೆ ಹೋಗಬೇಕು. ಹುಡುಕುವುದನ್ನು ನಿಲ್ಲಿಸಲು ಹೆಂಡತಿಯ ಸಹಿ ಬೇಕಂತೆ. ಹಾಕದಿದ್ದರೆ? "ಇನ್ನೆರಡು ದಿನ ತಳ್ಬಹುದು ಮೇಡಂ, ಆದ್ರೆ ಏನಾದ್ರೂ ಆಧಾರ ಬೇಕು. ಬರೀ ಮಿಸ್‌ಕಾಲ್ ಅಂದ್ರೆ ಯಾರೂ ಒಪ್ಪಲ್ಲ."

ಅತ್ತೆ ಹತ್ತಿರ ಬಂದು ಕೂತರು. "ಸಹಿ ಹಾಕ್ಬೇಡ ಅಂತ ಹೇಳ್ಲಿಕ್ಕೆ ನಂಗೆ ಯಾವ ಮುಖ ಉಂಟು ಅಪರ್ಣಾ? ಎತ್ಬೇಡ ಅಂದವ್ಳು ನಾನೇ ಅಲ್ವಾ?"

ಕೈ ಹಿಂದೆಗೆದವಳು ನಾನು.

ಆಗಸ್ಟ್ 17, ನಸುಕು 4.10

ಮೊದಲ ಲೋಕಲ್ ರೈಲು ಹೋಯಿತು. 2.40 ಯಾವಾಗಲೋ ದಾಟಿತು.

ಚಿನ್ನು ಎದ್ದಿದ್ದಾಳೆ. ಫೋನಿನ ಪರದೆ ಕಪ್ಪಗಿದೆ. ಅದನ್ನು ಹಿಡಿದು ನೆಕ್ಕುತ್ತಿದ್ದಾಳೆ, ನಗುತ್ತಿದ್ದಾಳೆ. ನಡುವೆ ಸುಮ್ಮನಾಗಿ ಕಿವಿಗೊಡುತ್ತಾಳೆ. ಮತ್ತೆ ನಗು. ಕಸಿದುಕೊಂಡು ಕಿವಿಗಿಟ್ಟೆ. ಏನಿಲ್ಲ. ಗಾಜು ಮಾತ್ರ ತಣ್ಣಗೆ, ಒದ್ದೆ.

ರೀ, ಇದನ್ನು ನಿಮಗೇ ಬರೆಯುತ್ತಿದ್ದೇನೆ. ಒಂದು ನಿಮಿಷ ಇದೆಯಲ್ಲ, ಖರ್ಚು ಮಾಡಿಬಿಡಿ. ಎಲ್ಲಿದ್ದೀರಿ ಅಂತ ಹೇಳಲು ಅಷ್ಟು ಸಾಕು. ಒಂದೇ ರಿಂಗಿಗೆ ಇಡಬೇಡಿ, ಅವತ್ತಿನ ಹಾಗೆ ಬಿಡದೆ ಮಾಡಿ. ಯಾರು ಬೇಡ ಅಂದರೂ ಎತ್ತುತ್ತೇನೆ. ನೀರಿನ ಸದ್ದಾದರೂ ಇಡುವುದಿಲ್ಲ. ಬೆಳಗಾದರೆ ನಾನು ಸಹಿ ಹಾಕಬೇಕು, ಅದರೊಳಗೆ ಮಾಡಿ, ದಮ್ಮಯ್ಯ, ಬೆಳಗಾಗುವುದರೊಳಗೆ