ಸಚಿವರು ಬೆವರಿದ ಮಧ್ಯಾಹ್ನ

ಏಪ್ರಿಲ್ ೧೧, ಶುಕ್ರವಾರ

ಗೆದ್ದೆವು. ಆದರೂ ನಾಚಿಕೆ ಬಿಡುತ್ತಿಲ್ಲ.

ಹವಾಮಾನ ಕೆಡುತ್ತಿದೆ ಅಂತ ಮೂವತ್ತು ವರ್ಷ ಊರೂರಲ್ಲಿ ಭಾಷಣ ಬಿಗಿದಿದ್ದೇನೆ. ಅದನ್ನು ಚಾಚೂ ತಪ್ಪದೆ ಪಾಲಿಸಿದವರು ನಮ್ಮ ಅತ್ತೆ ಒಬ್ಬರೇ. ನನ್ನ ಮಾತು ಟಿವಿಯಲ್ಲಿ ಕೇಳಿದ ಮರುದಿನವೇ ಮನೆಯ ಏಸಿ ಬಿಚ್ಚಿಸಿ ಕಳಿಸಿಬಿಟ್ಟಿದ್ದರು.

ಇವತ್ತು ಇಂಧನ ಸಚಿವರು ಮನೆಗೇ ಬಂದರು. ನಮ್ಮೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಈ ವರ್ಷವೇ ಮುಚ್ಚಬೇಕೆಂಬ ಹಟ ನಾನು ಬಿಡಬೇಕಂತೆ. ಅತ್ತೆ ಬಂದವರೇ ಫ್ಯಾನನ್ನು ಒಂದಕ್ಕಿಳಿಸಿ ನನ್ನ ಪಕ್ಕ ಕೂತರು. ಸಚಿವರ ಅಂಗಿ ಬೆನ್ನಿಗಂಟಿತು.

"ಇನ್ನೊಂದು ಹತ್ತು ವರ್ಷ ಕೊಡಿ ಸಾರ್," ಎಂದರು.

ಮಂತ್ರಿಯೇ ಮನೆಗೆ ಬಂದಿದ್ದಕ್ಕೆ ನಾನು ಕರಗಿಹೋಗಿದ್ದೆ. "ಐದು ವರ್ಷ ಅಂದ್ರೆ ನೋಡಬಹುದು," ಎಂದೆ.

ಅತ್ತೆ ನನ್ನತ್ತ ತಿರುಗಿದರು. "ಅಲ್ಲಾ ಅಳಿಯಂದ್ರೇ, ಐದು ವರ್ಷ ತಡೆಯೋ ವಿಷಯ ಆಗಿದ್ರೆ ನಾನ್ಯಾಕೆ ಈ ಸೆಖೇಲಿ ಬೇಯ್ತಾ ಇದೀನಿ?"

ನಾನು ಗಂಟಲು ಸರಿಮಾಡಿಕೊಂಡೆ. "ಇಲ್ಲ ಸಾರ್. ಈ ವರ್ಷವೇ ಮುಚ್ಚಬೇಕು."

ಸಚಿವರು ಮುಖ ಒರೆಸಿಕೊಳ್ಳುತ್ತಾ ಹೊರಟರು. ಡಿಸೆಂಬರಿಗೆ ಮುಚ್ಚುತ್ತೇವೆಂದು ಸಂಜೆ ಘೋಷಿಸಿಯೇಬಿಟ್ಟರು.

ಆಮೇಲೆ ಪತ್ರಕರ್ತರ ಫೋನು. ಸಚಿವರನ್ನು ಹೇಗೆ ಒಪ್ಪಿಸಿದಿರಿ ಅಂತ ಕೇಳಿದರು. "ಅಂಕಿಅಂಶ ಮುಂದಿಟ್ಟೆ," ಎಂದೆ.

ಒಳಗಿನಿಂದ ಅತ್ತೆ ಕೆಮ್ಮಿದರು. ಅವರಿಗೆ ಕೆಮ್ಮೇನೂ ಇಲ್ಲ.