ಇಳಿದ ತೂಕಕ್ಕೂ ಬೆಲ್ಲ

ಕಾರಟಗಿ,
ಗುರುವಾರ, ೮-೩-೧೯೮೪

ಮುದ್ದಿನ ಮಗಳು ಶೇಖರಮ್ಮನಿಗೆ ನಿನ್ನ ಅವ್ವ ಅನ್ನಮ್ಮ ಮನಸ್ಸು ತುಂಬಿ ಮಾಡುವ ಆಶೀರ್ವಾದಗಳು.

ನಿನ್ನ ಮೈ ಹೇಗಿದೆ? ಏಳು ತಿಂಗಳು ತುಂಬಿತು, ಕಾಲಿಗೆ ಬಾವು ಬಂದಿದೆಯೇ? ಕೂಸು ಒದೆಯುತ್ತದೆಯೇ? ಡಬ್ಬಿಯಿಂದ ಹುಣಸೆಹಣ್ಣು ಕದ್ದು ತಿನ್ನುವುದನ್ನು ಬಿಟ್ಟೆಯೋ ಇಲ್ಲವೋ? ಅಳಿಯಂದಿರು ದೇವೇಂದ್ರಪ್ಪನವರು ರೈಲ್ವೆ ವರ್ಕ್‌ಶಾಪಿನಿಂದ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾರಷ್ಟೇ? ಬೀಗತಿಯವರ ಮೊಣಕಾಲು ನೋವು ಈಗ ಹೇಗಿದೆ ಎಂದು ನಾನು ಕೇಳಿದೆನೆಂದು ಹೇಳು. ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಅಂದರೆ ನಾನೂ ಸೇರಿ. ಈ ಮಾತನ್ನು ಎರಡು ಸಲ ಓದು, ಯಾಕೆಂದರೆ ಇಷ್ಟು ದಿನ ನಾನು ನಿನಗೆ ಅರ್ಧ ಸುದ್ದಿಯನ್ನೇ ಬರೆಯುತ್ತಿದ್ದೆ. ಉಳಿದರ್ಧ ಇವತ್ತು ಬರೆಯುತ್ತೇನೆ. ಮೊದಲು ಕೂತುಕೋ.

ಗಣೇಶನ ಹಬ್ಬ ಮುಗಿದ ವಾರ ನಿನ್ನ ಪತ್ರ ಬಂದಿತ್ತಲ್ಲ, ಬಸುರಿ ಎಂಬ ಸುದ್ದಿ ಇದ್ದದ್ದು. ಓದಿ ನಾನು ಮನೆಯ ತುಂಬ ಸಕ್ಕರೆ ಹಂಚಿದೆ. ಆಮೇಲೆ ಕೊನೆಯ ಸಾಲು ಓದಿದೆ. "ಅವ್ವಾ, ನಿನ್ನ ಹೊಟ್ಟಿ ಮ್ಯಾಲ ಗಂಟು ಐತಿ, ನಿನಗ ಎತ್ತಾಕ ಇಳಿಸಾಕ ಆಗೂದಿಲ್ಲ, ಬಾಣಂತನ ಹುಬ್ಬಳ್ಳ್ಯಾಗ ಆಗಲಿ ಅಂತ ಅತ್ತಿಯವರು ಅಂತಾರ" ಎಂದು ಬರೆದಿದ್ದೆ. ಬೀಗತಿಯವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆದರೂ ನನ್ನ ಎದೆ ಒಡೆದು ಹೋಯಿತು. ಚೊಚ್ಚಲ ಬಾಣಂತನ ತವರಿನದು. ನನ್ನ ತವರು ಯಲಬುರ್ಗಿ ಕಡೆಯ ಮಂಗಳೂರಿನಲ್ಲಿ ನೀರಿಗೇ ತ್ರಾಸು, ಆದರೂ ನನ್ನವ್ವ ದೂರದ ಬಾವಿಯಿಂದ ಕೊಡ ಹೊತ್ತು ತಂದು ನನಗೂ ನಿನಗೂ ದಿನಾ ಎರೆದಳು. ನಾನು ಬದುಕಿರುವಾಗಲೇ ನನ್ನ ಮಗಳಿಗೆ ಬೇರೆಯವರು ಎರೆಯಬೇಕೇ? ನಿನ್ನ ಮೇಲೆ ಸಿಟ್ಟು ಬಂತು, ಬೀಗತಿಯ ಮೇಲೆ ಬಂತು, ಕೊನೆಗೆ ನನ್ನ ಹೊಟ್ಟೆಯ ಮೇಲೇ ಬಂತು.

ಮುಂಗಾರಿನಲ್ಲಿ ಬಳ್ಳಾರಿಯ ಡಾಕ್ಟರು ನನ್ನನ್ನು ಆಪರೇಷನ್ ಮಾಡದೆ ವಾಪಸ್ ಕಳಿಸಿದ್ದು ನಿನಗೆ ಗೊತ್ತೇ ಇದೆ. ಹೊಕ್ಕಳ ಮೇಲಿನ ಗಂಟು ಹರ್ನಿಯಾ, ಅದರೊಳಗೆ ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಅಂದರು. ಹಾಗಾದರೆ ಕೊಯ್ದು ತೆಗೆಯಿರಿ ಅಂದರೆ, "ಇಷ್ಟು ಕೊಬ್ಬಿನ ಮ್ಯಾಲ ಹೊಲಿಗಿ ನಿಲ್ಲೂದಿಲ್ಲಮ್ಮ, ಹನ್ನೆರಡು ಕಿಲೋ ಇಳಿಸಿಕೊಂಡು ಬಾ" ಅಂದರು. ಊರಿಗೆ ಬಂದ ದಿನ ನಿಮ್ಮಪ್ಪ ಹಮಾಲರನ್ನೆಲ್ಲ ಚಹಾಕ್ಕೆ ಕಳಿಸಿ, ನಮ್ಮ ಅಡತಿ ಅಂಗಡಿಯ ಬಾಗಿಲು ಮುಂದೆ ಮಾಡಿ, ಭತ್ತದ ಚೀಲ ತೂಗುವ ಕಾಟಾದ ಮೇಲೆ ನನ್ನನ್ನು ನಿಲ್ಲಿಸಿದರು. "ಒಂದು ಚೀಲ ಭತ್ತ, ಅದರ ಮ್ಯಾಲೊಂದು ತುಂಬಿದ ಕೊಡ" ಅಂದರು, ನಗು ತಡೆದುಕೊಂಡು. ಇಳಿಸಬೇಕಾದದ್ದು ಆ ಕೊಡವನ್ನು. ಇಪ್ಪತ್ತೆರಡು ವರ್ಷದ ಹಿಂದೆ ನಾನು ಈ ಮನೆಗೆ ಬಂದಾಗ ಗಾಳಿಗೆ ಹಾರಿ ಹೋಗುವ ಹಾಗಿದ್ದೆ. ಕಾಲುವೆಯ ನೀರು ಬಂತು, ಮೂರು ಹೊತ್ತೂ ಅನ್ನ ಬಂತು, ಅನ್ನದ ಮೇಲೆ ತುಪ್ಪ ಬಂತು. ಸೊಸೆ ದಪ್ಪಗಾದಷ್ಟೂ ಮನೆತನಕ್ಕೆ ಮರ್ಯಾದೆ ಎಂದು ನಿಮ್ಮ ಆಯಿ ಬಡಿಸಿದರು, ನಾನೂ ಬೇಡ ಅನ್ನಲಿಲ್ಲ.

ಡಾಕ್ಟರು ಹೇಳಿದ ಪಥ್ಯ ಹಿಡಿದೆ. ಅನ್ನ ಬಿಟ್ಟೆ, ಕರಿದದ್ದು ಬಿಟ್ಟೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ನೀರು ಮಜ್ಜಿಗೆ. ಪಂಚಮಿಗೆ ಬಂದಾಗ "ಉಂಡಿ ಯಾಕ ತಿನವಲ್ಲಿ" ಎಂದು ನೀನು ಕೇಳಿದ್ದೆ, ಹಲ್ಲು ನೋವು ಅಂದಿದ್ದೆ. ನನ್ನ ಹಲ್ಲಿಗೆ ಏನೂ ಆಗಿರಲಿಲ್ಲ. ದಿನಾ ಬೆಳಿಗ್ಗೆ ಕಾಲುವೆಯ ದಂಡೆ ಹಿಡಿದು ನಡೆದೆ. ಅದೇನು ಸುಲಭವೇ? ನಮ್ಮೂರಲ್ಲಿ ಕೆಲಸವಿಲ್ಲದೆ ನಡೆಯುವ ಹೆಂಗಸನ್ನು ನೀನು ನೋಡಿದ್ದೀಯಾ? ಹಾದಿಯಲ್ಲಿ ಸಿಕ್ಕವರೆಲ್ಲ "ಎಲ್ಲಿಗೆ ಹೊಂಟೀರಿ ಅನ್ನಕ್ಕಾರ" ಎಂದು ಕೇಳುವರು, "ಎಲ್ಲಿಗೂ ಇಲ್ಲ" ಅಂದರೆ ಮನೆಯಲ್ಲಿ ಜಗಳವಾಯಿತೆಂದು ಸುದ್ದಿ ಹಬ್ಬಿಸುವರು. ಅದಕ್ಕೇ ಪಕ್ಕದ ಮನೆಯ ಹಜರತಬೀ ನವಲಿ ಹಾದಿಯ ಗದ್ದೆಗೆ ಕಳೆ ಕೀಳಲು ಹೋಗುವಾಗ ಅವಳ ಜೊತೆಗೆ ಬುತ್ತಿ ಗಂಟು ಹಿಡಿದು ಹೊರಡುತ್ತಿದ್ದೆ. ಬುತ್ತಿ ಕಂಡರೆ ಯಾರೂ ಏನೂ ಕೇಳುವುದಿಲ್ಲ. ಇಷ್ಟೆಲ್ಲ ಮಾಡಿದರೂ ಕಾಟಾದ ಮುಳ್ಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಿನ್ನ ಪತ್ರ ಬಂದ ವಾರವಂತೂ ಒಂದು ಕಿಲೋ ಏರಿಯೇ ಇತ್ತು. ನಾನು ಸಿಟ್ಟಿನ ಭರದಲ್ಲಿ "ನಿಮ್ಮ ಕಾಟಾನ ಸುಳ್ಳು" ಅಂದುಬಿಟ್ಟೆ. ಅಡತಿಯವರ ಕಾಟಾಕ್ಕೆ ಸುಳ್ಳು ಅನ್ನುವುದೂ ಒಂದೇ, ಅವರ ಹುಟ್ಟಿಗೆ ಅನ್ನುವುದೂ ಒಂದೇ. ನಿಮ್ಮಪ್ಪ ನನ್ನೆದುರೇ ತೂಕದ ಕಬ್ಬಿಣದ ಬಟ್ಟುಗಳನ್ನೆಲ್ಲ ಇಟ್ಟು ತೂಗಿ ತೋರಿಸಿದರು. ಕಾಟಾ ಸರಿಯಾಗಿಯೇ ಇತ್ತು. ಅವತ್ತು ಅವರು ನನ್ನ ಕೈಯ ಚಹಾ ಕುಡಿಯಲಿಲ್ಲ.

ಮರುದಿನ ಕಾಲುವೆಯ ಸೇತುವೆಯ ಮೇಲೆ ಕೂತಾಗ ಹಜರತಬೀಗೆ ನನ್ನ ಒಂದು ರೊಟ್ಟಿ ಕೊಟ್ಟೆ. ಅವಳು ಒಂದು ತುತ್ತು ಮುರಿದು ನನ್ನ ಮುಖ ನೋಡಿದಳು. "ಅಕ್ಕಾ, ನೀವು ರೊಟ್ಟಿ ತಿಂತೀರೋ ಬೆಣ್ಣಿ ತಿಂತೀರೋ?" ಅಂದಳು. ರೊಟ್ಟಿಯ ಪದರು ಬಿಚ್ಚಿ ನೋಡಿದರೆ ಒಳಗೆ ಬೆಣ್ಣೆ ಸವರಿದೆ, ಮೇಲೆ ಶೇಂಗಾ ಪುಡಿ ಉದುರಿಸಿದೆ, ಮತ್ತೆ ಪದರು ಮುಚ್ಚಿದೆ. ಡಾಕ್ಟರ ಹತ್ತಿರ ಹೋಗಿ ಬಂದಾಗಿನಿಂದ ನನ್ನ ರೊಟ್ಟಿಯನ್ನು ಆಯಿಯೇ ಬಡಿಯುತ್ತಿದ್ದರು, "ನೀ ದಣದಿರ್ತಿ" ಎಂದು. ಪಥ್ಯದ ರೊಟ್ಟಿಯೂ ಇಷ್ಟು ರುಚಿಯೇ ಎಂದು ನಾನು ಹಿಗ್ಗುತ್ತಿದ್ದೆ. ಒಳಗೊಳಗೇ ಅನುಮಾನವಿತ್ತೋ ಏನೋ, ನಾಲಿಗೆ ಮಾತ್ರ ಬಾಯಿ ಬಿಡಲಿಲ್ಲ.

ಮನೆಗೆ ಹೋಗಿ ರೊಟ್ಟಿಯನ್ನು ಆಯಿಯ ಮುಂದೆ ಹಿಡಿದೆ. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಎದುರು ಮಾತಾಡದವಳು ಅವತ್ತು ಓಣಿಗೆಲ್ಲ ಕೇಳುವ ಹಾಗೆ ಮಾತಾಡಿದೆ. "ನಾ ಸಾಯಬೇಕಂತ ಮಾಡೀರೇನ್ರಿ?" ಅಂದೆ. ಆಯಿ ಒಲೆಯ ಮುಂದೆ ಕೂತವರು ಕೂತಲ್ಲಿಯೇ ಅತ್ತರು. ಆಗ ಹೊರಗೆ ಬಂತು ನೋಡು. ನಾವು ಬಳ್ಳಾರಿಯಿಂದ ಬಂದ ಮರುದಿನ ಮಂಗಳವಾರವೇ ಅವರು ಒಬ್ಬರೇ ಹುಲಿಗಿಗೆ ಹೋಗಿ, ಸೊಸೆಯ ಆಪರೇಷನ್ ಸುಸೂತ್ರವಾದರೆ ಅವಳ ತೂಕದ ಬೆಲ್ಲ ಒಪ್ಪಿಸುತ್ತೇನೆ ಎಂದು ಹುಲಿಗೆಮ್ಮನಿಗೆ ಹರಕೆ ಹೊತ್ತು ಬಂದಿದ್ದರು. ಇತ್ತ ನಾನು ತೂಕ ಇಳಿಸಲು ಹೊರಟೆ. "ದೇವರಿಗೆ ಮಾತು ಕೊಟ್ಟ ಮ್ಯಾಲ ತೂಕದಾಗ ಹೊಡದಂಗ ಆಗೂದಿಲ್ಲೇನವ್ವಾ" ಅಂದರು. ಅವರ ಮೊದಲ ಕೂಸು, ನಿಮ್ಮಪ್ಪನಿಗಿಂತ ಹಿರಿಯಳು, ಜ್ವರದಲ್ಲಿ ಮಲಗಿದ್ದಾಗ ಐದು ಕಾಯಿ ಹರಕೆ ಹೊತ್ತು, ಕೈಯಲ್ಲಿ ಕಾಸಿಲ್ಲದ್ದಕ್ಕೆ ಮೂರೇ ಒಡೆಸಿದ್ದರಂತೆ. ಕೂಸು ಉಳಿಯಲಿಲ್ಲ. "ಎರಡು ಕಾಯಿ ಕಡಿಮಿ ಮಾಡಿದ್ದೆ. ಮತ್ತ ಅದನ್ನ ಮಾಡು ಅಂತೀಯೇನು?" ಅಂದರು. ಇದನ್ನು ಅವರು ಈವರೆಗೆ ಯಾರಿಗೂ ಹೇಳಿರಲಿಲ್ಲ, ನಿಮ್ಮಪ್ಪನಿಗೂ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರ ಪಕ್ಕದಲ್ಲಿ ಕೂತು ನಾನೂ ಅತ್ತೆ.

ಅಳು ನಿಂತ ಮೇಲೆ ಬುದ್ಧಿ ಬಂತು. "ಅತ್ತೀ, ಹರಕಿ ಹೊತ್ತ ದಿನ ನಾ ಎಷ್ಟಿದ್ನೋ ಅಷ್ಟೂ ಬೆಲ್ಲ ಕೊಡೋಣ್ರಿ. ನನ್ನ ಮೈಯಾಗಿಂದ ಎಷ್ಟು ಇಳೀತೈತೋ ಅಷ್ಟು ಅಕ್ಕಿ ಗಂಟು ಕಟ್ಟಿ ನನ್ನ ಮಗ್ಗಲಕ್ಕ ಇಟ್ಟು ತೂಗಸೋಣ್ರಿ" ಅಂದೆ. ಆಯಿ ಕೂಡಲೇ ಒಪ್ಪಲಿಲ್ಲ, ಮಗನನ್ನು ಕರೆಸಿ ಇದು ನ್ಯಾಯವೇ ಎಂದು ಕೇಳಿದರು. ನಿಮ್ಮಪ್ಪ ದೊಡ್ಡ ಪಂಚರ ಹಾಗೆ ಮೀಸೆ ತಿರುವಿ, "ಮಾತು ಆದ ದಿನದ ತೂಕನ ತೂಕ. ಬ್ಯಾಪಾರಕ್ಕೂ ಅದ, ದೇವರಿಗೂ ಅದ" ಅಂದರು. ಆಯಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ ಒಂದೇ ಮಾತು ಅಂದರು: "ಹಂಗಾರ ಇಳಿ."

ಅಲ್ಲಿಂದ ನನ್ನ ಗತಿ ಕೇಳಬೇಡ. ಕಳ್ಳಿಯೇ ಪೊಲೀಸಾದಳು. ಬೆಣ್ಣೆಯ ಗಡಿಗೆ ನೆಲುವಿನಿಂದ ಆಯಿಯ ಕೋಣೆಗೆ ಹೋಯಿತು. ಮಜ್ಜಿಗೆ ಎಷ್ಟು ತೆಳ್ಳಗೆ ಬಂತೆಂದರೆ ಲೋಟದ ತಳ ಕಾಣುತ್ತಿತ್ತು. ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲದಲ್ಲಿ ಕೂತು ಹೋಳಿಗೆ, ಕಡುಬು, ಬದನೆಕಾಯಿ ಭರ್ತ ಹೊಡೆಯುವಾಗ ನನ್ನ ಎಲೆಯ ಮುಂದೆ ಆಯಿ ಕಾವಲು ಕೂತರು. ನಿಮ್ಮಪ್ಪ ಪಾಪ ಅಂದು ಅರ್ಧ ಹೋಳಿಗೆ ನನ್ನ ಕಡೆ ಸರಿಸಿದರು, ಆಯಿ ಮಗನ ಕೈಯ ಮೇಲೆ ಫಟ್ ಎಂದು ಹೊಡೆದರು. ಆ ಅರ್ಧ ಹೋಳಿಗೆಯನ್ನು ನೋಡುತ್ತ ನಿನ್ನನ್ನು ನೆನೆಸಿಕೊಂಡೆ, ನಿನ್ನ ಹೊಟ್ಟೆಯಲ್ಲಿರುವುದನ್ನು ನೆನೆಸಿಕೊಂಡೆ, ಎದ್ದು ಹೊಲದ ಬದುವಿನ ಮೇಲೆ ಎರಡು ಸುತ್ತು ನಡೆದು ಬಂದೆ. ನಿನಗೆ ಯಾಕೆ ತಿಳಿಸಲಿಲ್ಲ ಎಂದರೆ, ಆಗದೇ ಹೋದರೆ? ಬಸುರಿಗೆ ಆಸೆ ಹಚ್ಚಿ ಮುರಿಯಬಾರದು. ಸಂಕ್ರಾಂತಿ ಆದ ಮೇಲೆ ಮತ್ತೆ ಕಾಟಾ ಹತ್ತಿದೆ. ನಿಮ್ಮಪ್ಪ ಬಗ್ಗಿ ನೋಡಿದರು, ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. "ಬರೇ ಚೀಲ ಉಳದೈತಿ ನೋಡು, ಕೊಡ ಇಲ್ಲ" ಅಂದರು. ಹಮಾಲರು ಬಾಗಿಲ ಹೊರಗೇ ನಿಂತು ಕೇಳಿಸಿಕೊಂಡಿದ್ದರು ಎಂದು ಕಾಣುತ್ತದೆ, ಚಪ್ಪಾಳೆ ಹೊಡೆದರು. ನಾಚಿಕೆಯಾಗಲಿಲ್ಲ ಮಗಳೇ, ಹೆಮ್ಮೆಯಾಯಿತು.

ಜನವರಿ ಕೊನೆಗೆ ಬಳ್ಳಾರಿಗೆ ಹೋದೆವು. ಡಾಕ್ಟರು ಹಳೆಯ ಚೀಟಿ ನೋಡಿದರು, ನನ್ನನ್ನು ನೋಡಿದರು, "ಇದು ಅದೇ ಅನ್ನಮ್ಮನೇನು?" ಅಂದರು. ಹೌದು, ಆಪರೇಷನ್ ಆಯಿತು. ನೀನು ಓದಿದ್ದು ಸರಿ. ಗಂಟು ಹೋಯಿತು, ಹೊಲಿಗೆ ಕೂಡಿತು, ಒಂದು ದಿನವೂ ಜ್ವರ ಬರಲಿಲ್ಲ. ಮೊನ್ನೆ ಮಂಗಳವಾರ ಹುಲಿಗಿಗೆ ಹೋಗಿ ಹರಕೆ ತೀರಿಸಿದೆವು. ತಕ್ಕಡಿಯ ಒಂದು ತಟ್ಟೆಯಲ್ಲಿ ನಾನು ಕೂತೆ, ನಿಮ್ಮಪ್ಪ ಅಕ್ಕಿಯ ಗಂಟನ್ನು ನನ್ನ ಮಗ್ಗುಲಿಗೆ ಇಟ್ಟರು, ಆ ಕಡೆ ಬೆಲ್ಲದ ಪೆಂಟೆಗಳು ಏರಿದವು. ಪೂಜಾರಿ "ಅಕ್ಕಿ ಯಾಕ ಇಟ್ಟೀರಿ?" ಎಂದು ಕೇಳಿದರು. ಆಯಿ "ಅದೂ ನನ್ನ ಸೊಸೀನ ರೀ" ಅಂದರು. ನೆರೆದವರೆಲ್ಲ ನಕ್ಕರು, ಆಯಿ ಮಾತ್ರ ನಗಲಿಲ್ಲ. ತಕ್ಕಡಿ ಸಮ ನಿಂತಾಗ ಕೈ ಮುಗಿದು, "ತಾಯಿ, ಈ ಸಲ ಒಂದು ಗುಂಜಿನೂ ಕಡಿಮಿಲ್ಲ" ಅಂದರು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

ಇಳಿದು ಹೊರಗೆ ಬಂದ ಮೇಲೆ ಆ ಅಕ್ಕಿಯ ಗಂಟು ಮೆಟ್ಟಿಲ ಹತ್ತಿರ ಇತ್ತು. ನನಗೆ ಎತ್ತುವ ಹಾಗಿಲ್ಲ, ಬೆರಳಿನಿಂದ ದೂಡಿ ನೋಡಿದೆ, ಸರಿಯಲಿಲ್ಲ. ನಿಮ್ಮಪ್ಪ ಅದನ್ನು ಬಸ್ ಸ್ಟ್ಯಾಂಡಿನ ತನಕ ಒಯ್ಯುವುದರಲ್ಲಿ ಹೆಗಲು ಬದಲಿಸಿ ಬದಲಿಸಿ ಏದುಸಿರು ಬಿಟ್ಟರು. ಈ ಗಂಟನ್ನು ಹೊತ್ತುಕೊಂಡೇ ನಾನು ಇಷ್ಟು ವರ್ಷ ರೊಟ್ಟಿ ಬಡಿದೆ, ಅಟ್ಟ ಹತ್ತಿ ಇಳಿದೆ, ನಿನ್ನ ಮದುವೆಯಲ್ಲಿ ಓಡಾಡಿದೆ. ಅವತ್ತು ಬರಿಗೈ ಬೀಸಿಕೊಂಡು ನಿಮ್ಮಪ್ಪನಿಗಿಂತ ಮುಂದೆ ಹೋಗಿ ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದೆ. ನನಗೆ ಭಾಳ ಖುಷಿಯಾಗಿದೆ ಶೇಖರೂ.

ಅಳಿಯಂದಿರಿಗೆ ಆಶೀರ್ವಾದ, ಬೀಗರಿಗೂ ಬೀಗತಿಯವರಿಗೂ ನಮಸ್ಕಾರ ತಿಳಿಸು. ಆಯಿ ನಿನ್ನ ನೆತ್ತಿಯ ಮೇಲೆ ಕೈಯಿಟ್ಟಿದ್ದಾರೆ ಎಂದು ತಿಳಿದುಕೋ. ಹಜರತಬೀಯೂ ನಿನ್ನನ್ನು ಕೇಳಿದ್ದಾಳೆ. ಹುಲಿಗೆಮ್ಮ ನಿನ್ನನ್ನೂ ಕೂಸನ್ನೂ ಕಾಯಲಿ.

ನಿನ್ನ ಅವ್ವ,
ಅನ್ನಮ್ಮ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಮೂರು ತಿಂಗಳು ಭಾರ ಎತ್ತಬೇಡ ಅಂದರು. "ಕೂಸಿನ್ನ ಎತ್ತಬಹುದೇನ್ರಿ?" ಅಂದೆ. "ಎಷ್ಟು ದೊಡ್ಡ ಕೂಸು?" ಅಂದರು. "ಇನ್ನೂ ಹುಟ್ಟಿಲ್ರಿ, ಮೇ ತಿಂಗಳದಾಗ" ಅಂದೆ. ನಕ್ಕು, "ಅಷ್ಟರಾಗ ಮೂರು ತಿಂಗಳು ಮುಗೀತಾವ, ಬೇಕಾದ್ರ ಕೂಸಿನ ತಾಯಿನ್ನೂ ಎತ್ತು" ಅಂದರು. ಬೀಗತಿಯವರಿಗೆ ಈ ಮಾತು ಓದಿ ಹೇಳು. ಸೋಮವಾರ ನಿಮ್ಮಪ್ಪ ನಿನ್ನನ್ನು ಕರೆಯಲು ಬರುತ್ತಾರೆ, ಕೊಪ್ಪಳದ ತನಕ ರೈಲು, ಅಲ್ಲಿಂದ ಜೀಪು ಹೇಳಿದ್ದಾರೆ. ಸೀರೆ ಕಟ್ಟಿಟ್ಟುಕೋ. ತೊಟ್ಟಿಲು ಅಟ್ಟದಿಂದ ಇಳಿದಿದೆ. ಪೂಜಾರಿ ಪ್ರಸಾದವೆಂದು ಕೊಟ್ಟ ಒಂದು ಪೆಂಟೆ ಬೆಲ್ಲವನ್ನು ಆಯಿ ನಿನ್ನ ಅಂಟಿನುಂಡಿಗೆಂದು ಪೆಟ್ಟಿಗೆಯಲ್ಲಿಟ್ಟು, ನನ್ನ ಮೇಲೆ ನಂಬಿಕೆಯಿಲ್ಲದೆ ಬೀಗ ಹಾಕಿದ್ದಾರೆ. ನೀನು ಹೊಸ್ತಿಲು ದಾಟಿ ಒಳಗೆ ಬಂದ ಮೇಲೇ ಬೀಗ ತೆಗೆಯುತ್ತಾರಂತೆ.