ಅಪ್ಪನ ಹಳದಿ ಜೀಪು

ಡೆಲ್ಮರ್,

ಅಮ್ಮನನ್ನು ಚರ್ಚಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಪ್ಪನ ಗುಜರಿ ಜೀಪನ್ನು ನಮ್ಮ ಜೀಪಿನ ಹಿಂದೆ ಎಳೆಯುವ ಟ್ರೈಲರ್ ಮಾಡಲು ಕತ್ತರಿಸುವುದಿದ್ದರೆ ಈಗಲೇ ಕತ್ತರಿಸು, ಅವಳ ಕಣ್ಣೆದುರು ಬೇಡ. ನಾವು ಜಗಳವಾಡಿಕೊಂಡು ಯೂಟಾ ಪೂರ್ತಿ ಸುತ್ತಿದ ಹಿಂದಿನ ಸೀಟು ಮುಟ್ಟಿದರೆ ನೋಡು!

ಟ್ರೈಲರಿಗೆ ನಮ್ಮ ಜೀಪಿನಂಥ ಚಕ್ರಗಳನ್ನೇ ಹಾಕು. ಮರುಭೂಮಿಯಲ್ಲಿ ಒಂದೇ ಸ್ಟೆಪ್ನಿ ಎರಡಕ್ಕೂ ಆಗಬೇಕು.

ಅಪ್ಪನ ಜೀಪಿನ ಹಿಂಬಾಗಿಲಿನ ತಗ್ಗು ಹಾಗೇ ಇರಲಿ. ಮರಳಲ್ಲಿ ಹೂತಾಗ, "ಇಳಿದು ನೂಕ್ರೀ ಅಂದ್ರೆ ಹಾಡು ಹೇಳ್ತಾ ಕೂತಿದ್ದೀರಲ್ಲ!" ಅಂತ ಅಪ್ಪನಿಗೆ ಬೈದು ಅಮ್ಮ ಒದ್ದಾಗ ಆದದ್ದು ಅದು.

ಟ್ರೈಲರಿಗೆ ಹೊಡೆಯಲು ನೀನು ತಂದ ಹಸಿರು ಬಣ್ಣ ಅಂಗಡಿಗೆ ವಾಪಸ್ ಕೊಟ್ಟೆ, ಕೂಗಾಡಬೇಡ. ಎರಡೂ ಜೋಡಿಯಾಗಬೇಕಾದರೆ ನಮ್ಮ ಜೀಪಿಗೇ ಅಪ್ಪನ ಹಳದಿ ಹೊಡೆಯೋಣ.

ಒಲೆಯ ಮೇಲೆ ಬೀನ್ಸ್ ಇದೆ, ತಿನ್ನು.

ಅಷ್ಟು ವರ್ಷ ಅಪ್ಪ ನಮ್ಮನ್ನು ಹಿಂದೆ ಕೂರಿಸಿಕೊಂಡು ಸುತ್ತಿಸಿದ. ಇನ್ನು ಅವನ ಜೀಪು ನಮ್ಮ ಹಿಂದೆ ಬರಲಿ.

ಅಕ್ಕ ಟ್ವೈಲಾ